ಕಲ್ಲಿನ ಪ್ರತಿಯಿಂದ ಹ್ಯಾಶ್ ಮುದ್ರೆಯವರೆಗೆ: ಪರ್ಲ್ ಭಾಷೆಯ ಗೂಢಲಿಪಿ ಭಂಡಾರಗಳ ಕಥೆ

ಗದಗ ಜಿಲ್ಲೆಯ ಲಕ್ಷ್ಮೇಶ್ವರಕ್ಕೆ ನೀವು ಹೋಗಿರಬಹುದು. ಹಿಂದೆ ಪುಲಿಗೆರೆ ಎಂದು ಹೆಸರಾಗಿದ್ದ ಈ ಊರಿನಲ್ಲಿ ಸೋಮೇಶ್ವರ ದೇವಾಲಯವನ್ನು ನೋಡಿದವರು ಶಂಖ ಬಸದಿಯನ್ನೂ ನೋಡಿಯೇ ಬರುತ್ತಾರೆ. ಈ ಬಸದಿಗೆ ಸೇರಿದ ಒಂದು ಶಾಸನದ ಕಲ್ಲು ಇತಿಹಾಸಕಾರರನ್ನು ಬಹಳ ಕಾಲ ಕಾಡಿದೆ. ಅದರ ಮೇಲೆ ಗಂಗ ಮಾರಸಿಂಹನ ಶಕವರ್ಷ 890ರ, ಅಂದರೆ ಕ್ರಿ.ಶ. 968ರ ಸುಮಾರಿನ ಶಾಸನವಿದೆ. ಅದೇ ಕಲ್ಲಿನ ಮೇಲೆ ಬಾದಾಮಿ ಚಾಲುಕ್ಯ ವಿಕ್ರಮಾದಿತ್ಯನ ಶಕವರ್ಷ 656ರ, ಅಂದರೆ ಕ್ರಿ.ಶ. 734ರ ಸುಮಾರಿನ ದಾನಶಾಸನವೂ ಇದೆ. ತೇದಿಗಳ ನಡುವೆ ಇನ್ನೂರಕ್ಕೂ ಹೆಚ್ಚು ವರ್ಷಗಳ ಅಂತರವಿದ್ದರೂ ಲಿಪಿ ಮಾತ್ರ ಒಂದೇ ಕಾಲದ್ದು, ಸುಮಾರು ಹತ್ತನೆಯ ಶತಮಾನದ್ದು.

ಕನ್ನಡ ನಾಡಿನ ಶಾಸನಗಳನ್ನು ಓದಿ ಪ್ರಕಟಿಸಿದ ಜೆ. ಎಫ್. ಫ್ಲೀಟ್ ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಹಳೆಯ ತೇದಿಯ ದಾನಗಳ ಬಗ್ಗೆ ಸಂಶಯ ವ್ಯಕ್ತಪಡಿಸಿದರು. ಇವು ನಿಜವಾದ ತಾಮ್ರಪಟಗಳಿಂದ ಆಮೇಲೆ ಕಲ್ಲಿಗೆ ಇಳಿಸಿದ ಪ್ರತಿಗಳೇ? ಅಥವಾ ಭೂಮಿಯ ಮೇಲಿನ ಹಕ್ಕನ್ನು ಹಳೆಯದೆಂದು ತೋರಿಸಲು ಆಮೇಲೆ ರಚಿಸಿದವೇ? ಕಲ್ಲಿನಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ತಾಮ್ರಪಟವಾಗಿದ್ದರೆ ಅದರ ಹಲಗೆಗಳನ್ನು ಪೋಣಿಸುವ ಬಳೆ ಇರುತ್ತಿತ್ತು, ಬಳೆಯ ಕೂಡಿಕೆಯ ಮೇಲೆ ರಾಜಮುದ್ರೆ ಇರುತ್ತಿತ್ತು. ಚಾಲುಕ್ಯರದಾದರೆ ವರಾಹ, ಗಂಗರದಾದರೆ ಆನೆ. ಪಾಠವನ್ನು ಕಲ್ಲಿಗೆ ಇಳಿಸಿದಾಗ ಅಕ್ಷರಗಳು ಬಂದವು, ಮುದ್ರೆ ಬರಲಿಲ್ಲ. ಶಾಸನದ ಕೊನೆಯ ಶಾಪವಾಕ್ಯ ತಿದ್ದುವವನನ್ನು ಹೆದರಿಸಬಲ್ಲದೇ ಹೊರತು ತಿದ್ದಿದ್ದನ್ನು ಪತ್ತೆ ಹಚ್ಚಲಾರದು.

ಪ್ರತಿ ಮಾಡಿದರೂ ಕಳಚಿಹೋಗದ ಮುದ್ರೆಯೊಂದನ್ನು ಕೇವಲ ಅಂಕಗಣಿತದಿಂದ ಮಾಡಲು ಸಾಧ್ಯವೇ? ಸಾಧ್ಯ. ಅದಕ್ಕೆ ಗಣಕ ವಿಜ್ಞಾನದಲ್ಲಿ ಹ್ಯಾಶ್ ಎಂದು ಹೆಸರು. ಆ ಮುದ್ರೆ ಸಾಮಾನ್ಯ ಕ್ರಮವಿಧಿಕಾರರ ಕೈಗೆ ಹೇಗೆ ಬಂತು ಎಂಬುದನ್ನು ಪರ್ಲ್ ಎಂಬ ಗಣಕಭಾಷೆಯ ಇತಿಹಾಸದ ಮೂಲಕ ಇಲ್ಲಿ ನೋಡೋಣ. ಪರ್ಲ್‌ನ ಭಂಡಾರದಲ್ಲಿ ಗೂಢಲಿಪಿಯ ಗೆಲುವುಗಳ ಜತೆಗೆ ಸೋಲುಗಳೂ ದಾಖಲಾಗಿರುವುದರಿಂದ ಈ ಇತಿಹಾಸ ವಿದ್ಯಾರ್ಥಿಗಳಿಗೆ ಒಳ್ಳೆಯ ಪಾಠ.

ಉತಾರದ ಮೇಲೊಂದು ಲೆಕ್ಕ

ಮೊದಲು ಕೈಯಿಂದಲೇ ಒಂದು ಹ್ಯಾಶ್ ಮಾಡೋಣ. ಹಳೆಯ ಮೈಸೂರಿನವರು ಪಹಣಿ ಎನ್ನುವುದನ್ನು ನಮ್ಮ ಕಡೆ ಉತಾರ ಎನ್ನುತ್ತಾರೆ. ಒಂದು ಉತಾರದಲ್ಲಿ ಸರ್ವೆ ನಂಬರು 142, ವಿಸ್ತೀರ್ಣ 3 ಎಕರೆ 20 ಗುಂಟೆ ಎಂದಿರಲಿ. ನಿಯಮ ಇಷ್ಟು: 7ರಿಂದ ಆರಂಭಿಸಿ. ಕೈಯಲ್ಲಿರುವ ಸಂಖ್ಯೆಯನ್ನು 31ರಿಂದ ಗುಣಿಸಿ, ಮುಂದಿನ ಅಂಕಿಯನ್ನು ಕೂಡಿಸಿ, 97ರಿಂದ ಭಾಗಿಸಿ, ಶೇಷವನ್ನು ಮಾತ್ರ ಇಟ್ಟುಕೊಳ್ಳಿ. ಮೂರು ಅಂಕಿಗಳಿಗೂ ಇದನ್ನೇ ಮಾಡಿ.

7ನ್ನು 31ರಿಂದ ಗುಣಿಸಿ 142 ಕೂಡಿಸಿದರೆ 359, ಶೇಷ 68. ಅದನ್ನು 31ರಿಂದ ಗುಣಿಸಿ 3 ಕೂಡಿಸಿದರೆ 2111, ಶೇಷ 74. ಮತ್ತೆ 31ರಿಂದ ಗುಣಿಸಿ 20 ಕೂಡಿಸಿದರೆ 2314, ಶೇಷ 83. ಈ ಉತಾರದ ಮುದ್ರೆ 83. ಈಗ ಯಾರೋ 3 ಎಕರೆಯನ್ನು 8 ಎಕರೆ ಎಂದು ತಿದ್ದಿದರು ಎನ್ನಿ. ಅದೇ ಲೆಕ್ಕ ಮಾಡಿದರೆ ಮುದ್ರೆ 44 ಬರುತ್ತದೆ. ತಿದ್ದಿದ್ದು ಬಯಲಾಯಿತು.

ಆದರೆ ಸಂತೋಷಪಡುವ ಮೊದಲು 6 ಎಕರೆ 24 ಗುಂಟೆ ಎಂದು ಹಾಕಿ ನೋಡಿ. ಶೇಷಗಳು 68, 77 ಮತ್ತು ಮತ್ತೆ 83! ಜಮೀನು ಸುಮಾರು ಎರಡರಷ್ಟಾದರೂ ಮುದ್ರೆ ಬದಲಾಗಲಿಲ್ಲ. ಭಿನ್ನ ದಾಖಲೆಗಳಿಗೆ ಒಂದೇ ಮುದ್ರೆ ಬರುವುದನ್ನು ಡಿಕ್ಕಿ ಎನ್ನೋಣ. ಒಟ್ಟು ಮುದ್ರೆಗಳೇ 97 ಇರುವಾಗ ಡಿಕ್ಕಿ ತಪ್ಪಿದ್ದಲ್ಲ. ಲೆಕ್ಕ ಹಾಕಿದರೆ ಕೇವಲ 12 ಉತಾರಗಳಿದ್ದರೂ ಯಾವುದಾದರೂ ಎರಡಕ್ಕೆ ಒಂದೇ ಮುದ್ರೆ ಇರುವ ಸಂಭವ ಅರ್ಧಕ್ಕಿಂತ ತುಸು ಹೆಚ್ಚು. ತರಗತಿಯಲ್ಲಿ 23 ಮಕ್ಕಳಿದ್ದರೆ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಂಭವ ಅರ್ಧಕ್ಕಿಂತ ಹೆಚ್ಚು ಎಂದು ನೀವು ಕೇಳಿರುತ್ತೀರಿ. ಇದು ಅದೇ ಗಣಿತ.

ಒಳ್ಳೆಯ ಹ್ಯಾಶ್‌ಗೆ ಮೂರು ಗುಣಗಳಿರಬೇಕು. ಮುದ್ರೆಯಿಂದ ಮೂಲ ದಾಖಲೆಯನ್ನು ಹಿಂದಕ್ಕೆ ಪಡೆಯಲಾಗಬಾರದು. ಶೇಂಗಾ ಚಟ್ನಿ ಕುಟ್ಟಿದ ಮೇಲೆ ಇಡಿಯ ಕಾಳು ಹಿಂದಕ್ಕೆ ಬಾರದಷ್ಟೆ. ಕೊಟ್ಟ ಒಂದು ದಾಖಲೆಯ ಮುದ್ರೆಗೇ ಹೊಂದುವ ಇನ್ನೊಂದನ್ನು ಹುಡುಕಲಾಗಬಾರದು. ತಮಗೆ ಬೇಕಾದ ಹಾಗೆ ಎರಡು ದಾಖಲೆಗಳನ್ನು ಒಟ್ಟಿಗೇ ತಯಾರಿಸಿ ಅವುಗಳಿಗೆ ಒಂದೇ ಮುದ್ರೆ ಬರಿಸುವುದೂ ಆಗಬಾರದು. ಎರಡನೆಯ ಮತ್ತು ಮೂರನೆಯ ಗುಣಗಳು ಒಂದೇ ಎಂದು ಮೇಲ್ನೋಟಕ್ಕೆ ಕಾಣುತ್ತವೆ. ಅವು ಒಂದೇ ಅಲ್ಲ ಎಂಬುದೇ ಈ ಕಥೆಯ ತಿರುಳು; ಅದಕ್ಕೆ ಮುಂದೆ ಬರೋಣ.

ಪರ್ಲ್‌ನ ಹುಟ್ಟು, ಉಪ್ಪಿನ ಮಹಿಮೆ

ಭಾಷಾಶಾಸ್ತ್ರವನ್ನೂ ಓದಿಕೊಂಡಿದ್ದ ಲ್ಯಾರಿ ವಾಲ್ ಎಂಬ ಅಮೆರಿಕದ ಕ್ರಮವಿಧಿಕಾರ 1987ರ ಡಿಸೆಂಬರ್ 18ರಂದು ಪರ್ಲ್‌ನ ಮೊದಲ ಆವೃತ್ತಿಯನ್ನು ಹೊರತಂದರು. ದೊಡ್ಡ ಕಡತಗಳಿಂದ ಬೇಕಾದ ಪಠ್ಯವನ್ನು ಹೆಕ್ಕಿ ವರದಿ ತಯಾರಿಸುವುದು ಅದರ ಮೂಲ ಉದ್ದೇಶ. ಯೂನಿಕ್ಸ್ ವ್ಯವಸ್ಥೆಯ ಅನೇಕ ಸೌಲಭ್ಯಗಳು ಅದರೊಳಗೆ ಬಂದವು. ಅವುಗಳಲ್ಲಿ ಒಂದು ಕ್ರಿಪ್ಟ್ ಎಂಬ ಫಲನ.

ಈ ಫಲನ ಬಳಕೆದಾರರ ಗುಪ್ತಪದಗಳನ್ನು ಕಾಯಲು ಹುಟ್ಟಿದ್ದು. ಇದರ ವಿನ್ಯಾಸವನ್ನು ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ಪ್ರಬಂಧವೊಂದರಲ್ಲಿ ವಿವರಿಸಿದರು. ಗುಪ್ತಪದವನ್ನು ಇದ್ದಂತೆಯೇ ಕಡತದಲ್ಲಿ ಬರೆದಿಡಬಾರದು; ಅದನ್ನೇ ಕೀಲಿಯಾಗಿಸಿ 1977ರ ಅಮೆರಿಕದ ಮಾನಕವಾದ ಡೆಸ್ ಗೂಢಲಿಪಿಯನ್ನು 25 ಸಲ ಓಡಿಸಿ, ಬಂದ ಫಲಿತಾಂಶವನ್ನು ಮಾತ್ರ ಇಡಬೇಕು. ಇದರ ಜತೆಗೆ ಅವರು ಒಂದು ಚಿಟಿಕೆ ಉಪ್ಪನ್ನೂ ಬೆರೆಸಿದರು. ಉಪ್ಪು ಎಂದರೆ 12 ಬಿಟ್‌ಗಳ ಯಾದೃಚ್ಛಿಕ ಸಂಖ್ಯೆ; ಒಟ್ಟು 4096 ಬಗೆಗಳು. ಗದಗಿನವನೂ ಮುಂಡರಗಿಯವನೂ ಒಂದೇ ಗುಪ್ತಪದವನ್ನು ಇಟ್ಟುಕೊಂಡಿದ್ದರೂ ಉಪ್ಪು ಬೇರೆಯಾದರೆ ಕಡತದಲ್ಲಿ ಫಲಿತಾಂಶ ಬೇರೆ. ಮೊದಲೇ ಲೆಕ್ಕ ಹಾಕಿದ ಪಟ್ಟಿಯನ್ನು ಇಟ್ಟುಕೊಂಡು ಎಲ್ಲರನ್ನೂ ಒಂದೇ ಸಲ ಹಿಡಿಯುವುದು ಕಳ್ಳನಿಗೆ ದುಬಾರಿಯಾಗುತ್ತದೆ.

ಅಂದಿನ ಮಟ್ಟಿಗೆ ಇದು ಸಾಕಾಗಿತ್ತು. ಆದರೆ ಡೆಸ್‌ನ ಕೀಲಿ 56 ಬಿಟ್‌ಗಳದು. 1998ರಲ್ಲಿ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಎಂಬ ಸಂಸ್ಥೆ ಕಟ್ಟಿದ ಯಂತ್ರ ಇಂಥ ಒಂದು ಕೀಲಿಯನ್ನು 56 ಗಂಟೆಗಳಲ್ಲಿ ಹುಡುಕಿತು. ಗೂಢಲಿಪಿಯಲ್ಲಿ ಇಂದಿನ ಭದ್ರತೆ ನಾಳೆಗೂ ಉಳಿಯುತ್ತದೆ ಎನ್ನುವಂತಿಲ್ಲ ಎಂಬುದಕ್ಕೆ ಇದು ಮೊದಲ ಉದಾಹರಣೆ.

ಅಂಗಿಯ ಮೇಲಿನ ಮೂರು ಸಾಲು

1990ರ ದಶಕದಲ್ಲಿ ಅಮೆರಿಕದ ಕಾನೂನು ಬಲವಾದ ಗೂಢಲಿಪಿ ತಂತ್ರಾಂಶವನ್ನು ಮದ್ದುಗುಂಡುಗಳ ಸಾಲಿಗೆ ಸೇರಿಸಿತ್ತು. ಪರವಾನಗಿ ಇಲ್ಲದೆ ಅದನ್ನು ದೇಶದ ಹೊರಗೆ ಕಳಿಸುವುದು ಅಪರಾಧ. 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್ಮನ್ ರೂಪಿಸಿದ ಆರ್‌ಎಸ್‌ಎ ವಿಧಾನವಾದರೋ ಪ್ರಕಟವಾದ ಗಣಿತ. ಎರಡು ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಅವನ್ನು ಬಿಡಿಸುವುದು ಕಷ್ಟ ಎಂಬುದರ ಮೇಲೆ ನಿಂತದ್ದು. ಪಠ್ಯಪುಸ್ತಕದಲ್ಲಿರುವ ಗಣಿತ ಮದ್ದುಗುಂಡು ಆಗುವುದು ಹೇಗೆ?

ಈ ಅಸಂಗತಿಯನ್ನು ತೋರಿಸಲು ಇಂಗ್ಲೆಂಡಿನ ಆಡಂ ಬ್ಯಾಕ್ 1995ರಲ್ಲಿ ಆರ್‌ಎಸ್‌ಎಯನ್ನು ಪರ್ಲ್‌ನಲ್ಲಿ ಮೂರೇ ಸಾಲುಗಳಿಗೆ ಇಳಿಸಿದರು. ದೊಡ್ಡ ಸಂಖ್ಯೆಗಳ ಗುಣಾಕಾರಕ್ಕೆ ಅದು ಯೂನಿಕ್ಸ್‌ನ ಹಳೆಯ ಕ್ಯಾಲ್ಕುಲೇಟರ್ ಆದ ಡಿಸಿ ಎಂಬ ಸಾಧನದ ನೆರವು ಪಡೆಯುತ್ತಿತ್ತು. ಜನ ಆ ಸಾಲುಗಳನ್ನು ಪತ್ರದ ಸಹಿಯ ಕೆಳಗೆ ಬರೆದುಕೊಂಡರು, ಅಂಗಿಯ ಮೇಲೆ ಅಚ್ಚು ಹಾಕಿಸಿಕೊಂಡರು. ಅಂಗಿ ತೊಟ್ಟು ವಿಮಾನ ಹತ್ತಿದವನು ಶಸ್ತ್ರ ರಫ್ತು ಮಾಡಿದಂತೆಯೇ ಎಂಬ ಪ್ರಶ್ನೆಗೆ ಸರಳ ಉತ್ತರ ಇರಲಿಲ್ಲ. ಅದೇ ವರ್ಷ ಫಿಲ್ ಜಿಮ್ಮರ್ಮನ್ ಅವರ ಪಿಜಿಪಿ ತಂತ್ರಾಂಶದ ಮೂಲಪಾಠವನ್ನು ಎಂಐಟಿ ಮುದ್ರಣಾಲಯ ಪುಸ್ತಕವಾಗಿ ಅಚ್ಚು ಹಾಕಿತು. ಪುಸ್ತಕ ಕಳಿಸಲು ತಡೆ ಇರಲಿಲ್ಲ. ಕೊನೆಗೆ 2000ದ ಜನವರಿಯಲ್ಲಿ ಅಮೆರಿಕ ತನ್ನ ನಿಯಮಗಳನ್ನು ಬಹುಮಟ್ಟಿಗೆ ಸಡಿಲಿಸಿತು. ಮುದ್ರಣಕ್ಕೆ ಹೆಸರಾದ ಗದಗಿನಂಥ ಊರಿನ ಓದುಗರಿಗೆ ಇದು ಮೆಚ್ಚುಗೆಯಾದೀತು: ವಿದ್ಯುನ್ಮಾನ ಕಡತಕ್ಕೆ ಮುಚ್ಚಿದ್ದ ಗಡಿ ಅಚ್ಚಿನ ಕಾಗದಕ್ಕೆ ತೆರೆದಿತ್ತು.

ಸಾರ್ವಜನಿಕ ಉಗ್ರಾಣ

1994ರ ಅಕ್ಟೋಬರಿನಲ್ಲಿ ಬಂದ ಪರ್ಲ್ 5ರಲ್ಲಿ ಮಾಡ್ಯೂಲ್ ಎಂಬ ವ್ಯವಸ್ಥೆ ಇತ್ತು. ಒಬ್ಬರು ಬರೆದ ಕ್ರಮವಿಧಿಯ ತುಂಡನ್ನು ಇನ್ನೊಬ್ಬರು ಹೆಸರು ಹೇಳಿ ತರಿಸಿಕೊಳ್ಳಬಹುದು. 1995ರಲ್ಲಿ ಇಂಥ ಮಾಡ್ಯೂಲುಗಳಿಗೆ ಸಿಪ್ಯಾನ್ ಎಂಬ ಸಾರ್ವಜನಿಕ ಉಗ್ರಾಣ ತೆರೆಯಿತು. ಅಲ್ಲಿ ಎರಡು ಸಾಲುಗಳು ನಮಗೆ ಮುಖ್ಯ: ಹ್ಯಾಶ್‌ಗಳಿಗೆ ಡೈಜೆಸ್ಟ್ ಎಂಬ ಹೆಸರಿನ ಸಾಲು, ಗೂಢಲಿಪಿಗೆ ಕ್ರಿಪ್ಟ್ ಎಂಬ ಹೆಸರಿನ ಸಾಲು.

ರೊನಾಲ್ಡ್ ರಿವೆಸ್ಟ್ ರೂಪಿಸಿದ ಎಂಡಿ5 ಎಂಬ ಹ್ಯಾಶ್ 1992ರ ಏಪ್ರಿಲಿನಲ್ಲಿ ಅಂತರಜಾಲದ ಅಧಿಕೃತ ಟಿಪ್ಪಣಿಯಾಗಿ ಪ್ರಕಟವಾಗಿತ್ತು. ಅದು ಯಾವ ಕಡತವನ್ನಾದರೂ 128 ಬಿಟ್‌ಗಳ ಮುದ್ರೆಯಾಗಿಸುತ್ತದೆ. ನೀಲ್ ವಿಂಟನ್ ಬರೆದ ಹಳೆಯ ಮಾಡ್ಯೂಲಿನ ಆಧಾರದ ಮೇಲೆ ನಾರ್ವೆಯ ಗಿಸ್ಲೆ ಆಸ್ ಡೈಜೆಸ್ಟ್::ಎಂಡಿ5 ಮಾಡ್ಯೂಲನ್ನು ರೂಪಿಸಿದರು. ವೇಗಕ್ಕಾಗಿ ಒಳಗಿನ ಲೆಕ್ಕ ಸಿ ಭಾಷೆಯಲ್ಲಿ, ಹೊರಗಿನ ಮುಖ ಪರ್ಲ್‌ನಲ್ಲಿ. ಯಾವ ಹ್ಯಾಶ್ ಆದರೂ ಅದೇ ಮೂರು ಮಾತುಗಳು: ಹೊಸದನ್ನು ತೆರೆ, ದತ್ತವನ್ನು ಸೇರಿಸು, ಮುದ್ರೆಯನ್ನು ಕೊಡು. ಒಂದು ಹ್ಯಾಶ್ ಮುರಿದುಬಿದ್ದರೆ ಕ್ರಮವಿಧಿಯನ್ನೆಲ್ಲ ತಿದ್ದದೆ ಇನ್ನೊಂದನ್ನು ತಂದು ಕೂಡಿಸಬಹುದು. ಈ ಮುಂದಾಲೋಚನೆ ಮುಂದೆ ಬಹಳ ಉಪಯೋಗಕ್ಕೆ ಬಂತು. 2002ರ ಜುಲೈಯಲ್ಲಿ ಬಂದ ಪರ್ಲ್ 5.8ರಿಂದ ಈ ಮಾಡ್ಯೂಲ್ ಭಾಷೆಯ ಜತೆಗೇ ದೊರೆಯತೊಡಗಿತು.

ಕ್ರಿಪ್ಟ್ ಸಾಲನ್ನು ಕಟ್ಟಿದವರಲ್ಲಿ ನಾನಾ ಬಗೆಯವರಿದ್ದರು. ಕ್ರಿಪ್ಟ್::ಸಿಬಿಸಿ ಬರೆದ ಲಿಂಕನ್ ಸ್ಟೈನ್ ಜೀನೋಮ್ ಸಂಶೋಧಕರು. ಮಾನವ ಜೀನೋಮ್ ಯೋಜನೆಯಲ್ಲಿ ಪರ್ಲ್ ಹೇಗೆ ನೆರವಾಯಿತು ಎಂದು 1996ರಲ್ಲಿ ಲೇಖನ ಬರೆದವರೂ ಅವರೇ. ಆರ್‌ಎಸ್‌ಎಗೆ ಪೂರ್ಣ ಮಾಡ್ಯೂಲ್ ಬರೆದವರು ಭಾರತೀಯರಾದ ವಿಪುಲ್ ವೇದ್ ಪ್ರಕಾಶ್. ಅವರ ಕ್ರಿಪ್ಟ್::ಆರ್‌ಎಸ್‌ಎ, ಅವಿಭಾಜ್ಯಗಳನ್ನು ಹುಡುಕುವ ಕ್ರಿಪ್ಟ್::ಪ್ರೈಮ್ಸ್, ಯಾದೃಚ್ಛಿಕ ಸಂಖ್ಯೆಗಳ ಕ್ರಿಪ್ಟ್::ರ‍್ಯಾಂಡಮ್ ಒಂದಕ್ಕೊಂದು ಪೂರಕ. ಪರ್ಲ್‌ನಲ್ಲೇ ಅವರು ಬರೆದ ರೇಜರ್ ಎಂಬ ತಂತ್ರಾಂಶ ಬೇಡದ ಅಂಚೆಯನ್ನು ಅದರ ಹ್ಯಾಶ್ ಮುದ್ರೆಯಿಂದ ಗುರುತಿಸುತ್ತಿತ್ತು. ಒಬ್ಬರು ಒಂದು ಪತ್ರವನ್ನು ಕಸವೆಂದು ಗುರುತಿಸಿದರೆ, ಪತ್ರದ ಪಾಠವನ್ನು ಕಳಿಸದೆ ಮುದ್ರೆಯನ್ನಷ್ಟೇ ಹಂಚಿಕೊಂಡು ಉಳಿದವರೂ ಅದನ್ನು ತಡೆಯಬಹುದಿತ್ತು.

ಕಾನೂನಿನಲ್ಲಿ ಹ್ಯಾಶ್

ಈ ಹೊತ್ತಿಗೆ ಮುದ್ರೆಯ ಪ್ರಶ್ನೆ ನಮ್ಮ ಊರುಗಳಿಗೂ ಬಂದಿತ್ತು. ನಮ್ಮ ಸೀಮೆಯ ಭೂದಾಖಲೆಗಳ ಹಿನ್ನೆಲೆ ಜಟಿಲ. ಸ್ವಾತಂತ್ರ್ಯಕ್ಕೆ ಮುಂಚೆ ಗದಗ, ಮುಂಡರಗಿ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದರೆ ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ ಇದ್ದವು. ಹಳೆಯ ಕಾಗದಗಳಲ್ಲಿ ಮೋಡಿ ಲಿಪಿಯವೂ ಉಂಟು. 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಯಿತು. 2000ದ ಸುಮಾರಿಗೆ ಕರ್ನಾಟಕ ಸರ್ಕಾರ 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಸೇರಿಸಿತು. ತಲಾಠಿಯ ಕೈಬರಹದ ಉತಾರದ ಜಾಗಕ್ಕೆ ತಾಲ್ಲೂಕು ಕಚೇರಿಯ ಗಣಕದ ಪ್ರತಿ ಬಂತು. ದಾಖಲೆ ತಿದ್ದುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಗಣಕದೊಳಗೆ ಹೋಗಬೇಕಿತ್ತು. ಭೂಮಿ ತಂತ್ರಾಂಶ ಪರ್ಲ್‌ನಲ್ಲಿ ಬರೆದದ್ದಲ್ಲ. ಆದರೆ ಅದು ಎದುರಿಸಿದ ಪ್ರಶ್ನೆ ಲಕ್ಷ್ಮೇಶ್ವರದ ಕಲ್ಲಿನದೇ: ಈ ಪ್ರತಿ ಮೂಲದಂತೆಯೇ ಇದೆಯೇ?

ಅದೇ ವರ್ಷ ಅಕ್ಟೋಬರ್ 17ರಂದು ಭಾರತದ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂತು. ಅದರ 3ನೆಯ ಕಲಮನ್ನು ವಿಜ್ಞಾನದ ವಿದ್ಯಾರ್ಥಿಗಳು ಓದಬೇಕು. ಹ್ಯಾಶ್ ಫಲನ ಎಂದರೇನು ಎಂಬ ವಿವರಣೆ ಅಲ್ಲಿದೆ. ಫಲಿತಾಂಶದಿಂದ ಮೂಲವನ್ನು ಕಟ್ಟುವುದೂ, ಎರಡು ದಾಖಲೆಗಳಿಗೆ ಒಂದೇ ಫಲಿತಾಂಶ ಬರಿಸುವುದೂ ಲೆಕ್ಕದ ದೃಷ್ಟಿಯಿಂದ ಅಸಾಧ್ಯವಾಗಿರಬೇಕು ಎಂದು ಕಾಯ್ದೆ ಹೇಳುತ್ತದೆ. ದಾಖಲೆಯ ಹ್ಯಾಶನ್ನು ಸಹಿದಾರ ತನ್ನ ಗುಪ್ತ ಕೀಲಿಯಿಂದ ಮುದ್ರಿಸಿದರೆ ಅದು ಅಂಕೀಯ ಸಹಿ. ಅವನ ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಅದನ್ನು ಪರೀಕ್ಷಿಸಬಹುದು. ಜತೆಗೆ ಬಂದ ನಿಯಮಗಳಲ್ಲಿ ಎರಡು ಹ್ಯಾಶ್‌ಗಳ ಹೆಸರಿತ್ತು: ಎಂಡಿ5 ಮತ್ತು ಶಾ-1. ಎರಡನೆಯದು ಅಮೆರಿಕದ 1995ರ ಮಾನಕ, 160 ಬಿಟ್‌ಗಳದು.

ಹೀಗೆ ಒಂದು ಗಣಿತೀಯ ನಂಬಿಕೆ ಶಾಸನಬದ್ಧವಾಯಿತು. ನಾಲ್ಕು ವರ್ಷವೂ ತುಂಬಿರಲಿಲ್ಲ, 2004ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ನಡೆದ ಗೂಢಲಿಪಿ ಸಮ್ಮೇಳನದಲ್ಲಿ ಚೀನಾದ ಗಣಿತಜ್ಞೆ ವಾಂಗ್ ಶಿಯಾವ್‌ಯುನ್ ಮತ್ತು ಸಂಗಡಿಗರು ಎಂಡಿ5ಗೆ ಡಿಕ್ಕಿಗಳನ್ನು ಪ್ರದರ್ಶಿಸಿದರು. ಹುಟ್ಟುಹಬ್ಬದ ಲೆಕ್ಕದಂತೆ ಕುರುಡಾಗಿ ಹುಡುಕಿದ್ದರೆ 2ರ 64ನೆಯ ಘಾತದಷ್ಟು ಪ್ರಯತ್ನಗಳು ಬೇಕಿದ್ದವು. ಇಂದು ಸಾಧಾರಣ ಗಣಕದಲ್ಲಿ ಅದು ಕ್ಷಣಗಳ ಕೆಲಸ. 2008ರ ಡಿಸೆಂಬರಿನಲ್ಲಿ ಸಂಶೋಧಕರ ತಂಡವೊಂದು ಸುಮಾರು 200 ಆಟದ ಗಣಕಗಳನ್ನು ಜೋಡಿಸಿ, ಎಂಡಿ5ರ ದೌರ್ಬಲ್ಯದಿಂದಲೇ ಅಂತರಜಾಲದ ನಕಲಿ ಪ್ರಮಾಣಪತ್ರಾಧಿಕಾರವನ್ನು ಸೃಷ್ಟಿಸಿ ತೋರಿಸಿತು. 2017ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧನಾ ಕೇಂದ್ರ ಮತ್ತು ಗೂಗಲ್ ಸೇರಿ ಶಾ-1ಕ್ಕೂ ಡಿಕ್ಕಿಯನ್ನು ಕಂಡುಹಿಡಿದವು: ಎರಡು ಭಿನ್ನ ಪಿಡಿಎಫ್ ಕಡತಗಳು, ಒಂದೇ ಮುದ್ರೆ. ಭಾರತದ ನಿಯಮಗಳನ್ನು ತಿದ್ದಿ ಅಂಕೀಯ ಸಹಿಯನ್ನು ಶಾ-2 ಕುಟುಂಬಕ್ಕೆ ಅದಕ್ಕೂ ಮೊದಲೇ ಬದಲಾಯಿಸಲಾಗಿತ್ತು.

ಪರ್ಲ್‌ನಲ್ಲಿ ಆ ಬದಲಾವಣೆಗೆ ದಾರಿ ಸಿದ್ಧವಾಗಿತ್ತು. ಮಾರ್ಕ್ ಶೆಲರ್ ಬರೆದ ಡೈಜೆಸ್ಟ್::ಶಾ 2007ರ ಡಿಸೆಂಬರಿನ ಪರ್ಲ್ 5.10ರಿಂದ ಭಾಷೆಯ ಜತೆಗೇ ಬಂತು. ಅದರಲ್ಲಿ ಶಾ-256, ಶಾ-512 ಸೇರಿವೆ. ಬಹಳಷ್ಟು ಕ್ರಮವಿಧಿಗಳಲ್ಲಿ ಒಂದು ಹೆಸರನ್ನು ಬದಲಿಸಿದರೆ ಕೆಲಸ ಮುಗಿಯಿತು. ಮುಂದೆ ಕಾರೆಲ್ ಮಿಕೊ ಅವರ ಕ್ರಿಪ್ಟ್‌ಎಕ್ಸ್ ಎಂಬ ದೊಡ್ಡ ಕಟ್ಟು ಬಿಡಿಬಿಡಿ ಮಾಡ್ಯೂಲುಗಳ ಬಹುಪಾಲು ಕೆಲಸವನ್ನು ಒಂದೇ ಕಡೆ ತಂದಿತು.

ಡಿಕ್ಕಿಯ ಅರ್ಥವೇನು?

ಈಗ ನಾವು ಬಾಕಿ ಇಟ್ಟ ಮಾತಿಗೆ ಬರೋಣ. ಎಂಡಿ5 ಮುರಿದಿದೆ ಎಂದರೆ ನಿಮ್ಮ ಹಳೆಯ ದಾಖಲೆಯ ಎಂಡಿ5 ಮುದ್ರೆಗೆ ಹೊಂದುವ ಸುಳ್ಳು ದಾಖಲೆಯನ್ನು ಯಾರು ಬೇಕಾದರೂ ಮಾಡಬಹುದು ಎಂದು ಅರ್ಥವಲ್ಲ. ನಮ್ಮ 97ರ ಆಟದಲ್ಲಿ ಅದು ಸುಲಭವಾಗಿತ್ತು, ಎಂಡಿ5ಕ್ಕೆ ಅದು ಇಂದಿಗೂ ಪ್ರಾಯೋಗಿಕವಾಗಿ ಸಾಧ್ಯವಾಗಿಲ್ಲ. ಮುರಿದಿರುವುದು ಮೂರನೆಯ ಗುಣ. ದಾಖಲೆಯನ್ನು ತಯಾರಿಸುವವನೇ ಮೋಸಗಾರನಾದರೆ, ಅವನು ಆರಂಭದಲ್ಲೇ ಎರಡು ಪಾಠಗಳನ್ನು ಸಿದ್ಧಮಾಡಿ ಒಂದಕ್ಕೆ ನಿಮ್ಮ ಸಹಿ ಪಡೆದು, ಆಮೇಲೆ ಇನ್ನೊಂದನ್ನು ತೋರಿಸಬಲ್ಲ. ಹೊರಗಿನ ಕಳ್ಳನಿಗೆ ಬಾಗಿಲು ಮುಚ್ಚಿದೆ, ಬೀಗ ಮಾಡಿದವನಿಗೆ ತೆರೆದಿದೆ. ಭೂದಾಖಲೆಗಳ ವಿಚಾರದಲ್ಲಿ ಈ ಎರಡನೆಯವನ ಭಯವೇ ಹೆಚ್ಚು ಎಂಬುದನ್ನು ಲಕ್ಷ್ಮೇಶ್ವರದ ಕಲ್ಲಿನ ಬಗೆಗಿನ ಸಂಶಯ ನೆನಪಿಸುತ್ತದೆ.

ಇದು ಬರಿಯ ಪಾಂಡಿತ್ಯದ ವಿಚಾರವಲ್ಲ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಪ್ರಕಾರ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಕೊಡುವಾಗ ಸಲ್ಲಿಸುವ ಪ್ರಮಾಣಪತ್ರದಲ್ಲಿ ಅದರ ಹ್ಯಾಶ್ ಮೌಲ್ಯವನ್ನು ಬರೆಯಬೇಕು. ಆ ನಮೂನೆಯಲ್ಲಿ ಶಾ-1, ಶಾ-256, ಎಂಡಿ5 ಮತ್ತು ಇತರೆ ಎಂಬ ಆಯ್ಕೆಗಳಿವೆ. ಗುರುತು ಹಾಕುವವರಿಗೆ ಈ ಹೆಸರುಗಳ ಹಿಂದಿನ ಇತಿಹಾಸ ತಿಳಿದಿರಬೇಕು. ನಿಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬರು ನಾಳೆ ವಕೀಲರೋ ಪೊಲೀಸ್ ಅಧಿಕಾರಿಯೋ ಆಗಿ ಆ ಕಾಗದವನ್ನು ತುಂಬುವವರೇ ಆಗಿರಬಹುದು. ಶಾ-256ಕ್ಕೆ ಗುರುತು ಹಾಕಿ ಎಂದು ಇಂದೇ ಹೇಳಿಕೊಡಿ.

ಕನ್ನಡಕ್ಕೆ ಬಂದ ತೊಡಕು

ಕನ್ನಡ ಪಠ್ಯಕ್ಕೆ ಹ್ಯಾಶ್ ಹಾಕುವಾಗ ಇಂಗ್ಲಿಷಿನವರಿಗೆ ಅಷ್ಟಾಗಿ ತಟ್ಟದ ಒಂದು ತೊಡಕಿದೆ. ಅದನ್ನು ನಾನು ನನ್ನ ತಪ್ಪಿನಿಂದಲೇ ಕಲಿತೆ. ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳ ಎರಡು ಪಟ್ಟಿಗಳನ್ನು ಹೋಲಿಸಲು ಪರ್ಲ್‌ನಲ್ಲಿ ಒಂದು ಪುಟ್ಟ ಕ್ರಮವಿಧಿ ಬರೆದೆ. ಮೊದಲ ಸಲ ಅದು ಅಗಲವಾದ ಅಕ್ಷರ ಬಂದಿದೆ ಎಂದು ದೂರಿ ನಿಂತೇಬಿಟ್ಟಿತು. ಹ್ಯಾಶ್ ಫಲನ ಬಲ್ಲದ್ದು ಬೈಟ್‌ಗಳನ್ನು ಮಾತ್ರ, 0ಯಿಂದ 255ರವರೆಗಿನ ಸಂಖ್ಯೆಗಳನ್ನು. ಯೂನಿಕೋಡಿನಲ್ಲಿ 'ಗದಗ' ಎಂಬುದು ಮೂರು ಅಕ್ಷರಗಳಾದರೂ ಯುಟಿಎಫ್-8 ರೂಪದಲ್ಲಿ ಒಂಬತ್ತು ಬೈಟ್‌ಗಳು: 224, 178, 151, 224, 178, 166, ಮತ್ತೆ 224, 178, 151. ಅಕ್ಷರಗಳನ್ನು ಮೊದಲು ಹೀಗೆ ಬೈಟ್‌ಗಳಾಗಿಸಿ ಆಮೇಲೆ ಹ್ಯಾಶ್‌ಗೆ ಕೊಡಬೇಕು. ಪರ್ಲ್‌ನ ಎನ್‌ಕೋಡ್ ಮಾಡ್ಯೂಲ್ ಆ ಕೆಲಸ ಮಾಡುತ್ತದೆ.

ಅದನ್ನು ಸರಿಪಡಿಸಿದ ಮೇಲೂ ಕಣ್ಣಿಗೆ ಒಂದೇ ಆಗಿ ಕಾಣುವ ಕೆಲವು ಹೆಸರುಗಳಿಗೆ ಎರಡು ಪಟ್ಟಿಗಳಲ್ಲಿ ಬೇರೆ ಬೇರೆ ಮುದ್ರೆಗಳು ಬಂದವು. ಯಾರೋ ಪಟ್ಟಿ ತಿದ್ದಿದ್ದಾರೆಂದೇ ನಾನು ತಿಳಿದೆ. ಒಬ್ಬ ನಿರಪರಾಧಿ ಸಹೋದ್ಯೋಗಿಯನ್ನು ಕೇಳಿಯೂಬಿಟ್ಟೆ. ಆಮೇಲೆ ತಿಳಿಯಿತು, ತಪ್ಪು ಓಕಾರದ ಚಿಹ್ನೆಗಳದು. 'ಕೊ' ಎಂಬಲ್ಲಿನ ಒತ್ವವನ್ನು ಯೂನಿಕೋಡಿನಲ್ಲಿ 3274 ಎಂಬ ಒಂದೇ ಸಂಕೇತದಿಂದ ಬರೆಯಬಹುದು. ಅಥವಾ ಎತ್ವದ 3270, ಊತ್ವದ 3266 ಎಂಬ ಎರಡು ಸಂಕೇತಗಳಿಂದಲೂ ಬರೆಯಬಹುದು. ಪರದೆಯ ಮೇಲೆ ವ್ಯತ್ಯಾಸವಿಲ್ಲ, ಹ್ಯಾಶ್‌ಗೆ ಅಜಗಜಾಂತರ. ಎರಡು ಪಟ್ಟಿಗಳನ್ನು ಬೇರೆ ಬೇರೆ ಕೀಲಿಮಣೆ ತಂತ್ರಾಂಶಗಳಲ್ಲಿ ಬೆರಳಚ್ಚಿಸಿದ್ದರು, ಅಷ್ಟೆ. ಪರ್ಲ್ 5.8ರಿಂದ ಜತೆಗೇ ಬರುವ ಯೂನಿಕೋಡ್::ನಾರ್ಮಲೈಸ್ ಎಂಬ ಮಾಡ್ಯೂಲ್ ಇಂಥವನ್ನು ಒಂದೇ ರೂಪಕ್ಕೆ ತರುತ್ತದೆ. ಆದರೆ ಅರ್ಕಾವತ್ತಿನ ಬದಲು ರಕಾರ ಮೂಡಿಸಲು ಸೇರಿಸುವ ಕಾಣದ ಜೋಡಕ ಚಿಹ್ನೆಯನ್ನು ಅದು ತೆಗೆಯುವುದಿಲ್ಲ. 'ಮುಂಡರಗಿ'ಯನ್ನು 'ಮುಂಡರಿಗಿ' ಎಂದು ಬರೆದರೆ ಅದಕ್ಕೆ ಯಾವ ಮಾಡ್ಯೂಲೂ ಇಲ್ಲ.

ಇದರಿಂದ ಹ್ಯಾಶ್‌ನ ಮಿತಿ ತಿಳಿಯುತ್ತದೆ. ಹ್ಯಾಶ್ ಹೇಳುವುದು ಬೈಟ್‌ಗಳ ತದ್ರೂಪತೆಯನ್ನು, ಅರ್ಥದ ಸಮಾನತೆಯನ್ನಲ್ಲ. ಮೊದಲು ಶಿರಹಟ್ಟಿ ತಾಲ್ಲೂಕಿನಲ್ಲಿದ್ದ ಲಕ್ಷ್ಮೇಶ್ವರ ಈಗ ಸ್ವತಂತ್ರ ತಾಲ್ಲೂಕು. ಉತಾರದಲ್ಲಿ ತಾಲ್ಲೂಕಿನ ಹೆಸರು ಬದಲಾದರೆ ಹೊಲ ಅದೇ, ಒಡೆಯ ಅವನೇ, ಮುದ್ರೆ ಮಾತ್ರ ಬೇರೆ. ಹಾಗೆಯೇ ದಾಖಲೆಗೆ ಸುಳ್ಳನ್ನು ಬರೆದು ಮುದ್ರೆ ಹಾಕಿದರೆ ಆ ಸುಳ್ಳು ಬದಲಾಗಿಲ್ಲ ಎಂಬುದನ್ನು ಹ್ಯಾಶ್ ಪ್ರಾಮಾಣಿಕವಾಗಿ ಸಾರುತ್ತದೆ.

ಇನ್ನೊಂದು ಹ್ಯಾಶ್, ಇನ್ನೊಂದು ಪಾಠ

ಪರ್ಲ್‌ನಲ್ಲಿ ಹ್ಯಾಶ್ ಎಂಬ ಹೆಸರು ಇನ್ನೊಂದು ವಸ್ತುವಿಗೂ ಇದೆ: ಹೆಸರು ಕೊಟ್ಟರೆ ಬೆಲೆ ಹೇಳುವ ಕೋಷ್ಟಕ. ಊರಿನ ಹೆಸರನ್ನು ಸಣ್ಣ ಹ್ಯಾಶ್ ಸಂಖ್ಯೆಯಾಗಿಸಿ ಆ ಸಂಖ್ಯೆಯ ಗೂಡಿನಲ್ಲಿ ಮಾಹಿತಿಯನ್ನು ಇಡುತ್ತಾರೆ, ಅಂಚೆ ಕಚೇರಿಯಲ್ಲಿ ಪತ್ರಗಳನ್ನು ಗೂಡುಗಳಿಗೆ ವಿಂಗಡಿಸುವಂತೆ. ಇಲ್ಲಿ ಡಿಕ್ಕಿಯಾದರೆ ಒಂದು ಗೂಡಿನಲ್ಲಿ ಎರಡು ಪತ್ರಗಳಿರುತ್ತವೆ, ಅಪಾಯವೇನಿಲ್ಲ ಎಂದೇ ಎಲ್ಲರೂ ಭಾವಿಸಿದ್ದರು. 2003ರಲ್ಲಿ ಸ್ಕಾಟ್ ಕ್ರಾಸ್ಬಿ ಮತ್ತು ಡ್ಯಾನ್ ವಾಲಕ್ ಎಂಬ ಸಂಶೋಧಕರು ಬೇಕೆಂದೇ ಎಲ್ಲ ಪತ್ರಗಳೂ ಒಂದೇ ಗೂಡಿಗೆ ಬೀಳುವಂತೆ ಹೆಸರುಗಳನ್ನು ಆರಿಸಿ ಕಳಿಸಿದರು. ಆಗ ಕೆಲಸ ಪತ್ರಗಳ ಸಂಖ್ಯೆಯ ವರ್ಗದಂತೆ ಬೆಳೆದು ಗಣಕ ಹೆಚ್ಚುಕಡಿಮೆ ನಿಂತೇಹೋಯಿತು. ಅದೇ ವರ್ಷ ಪರ್ಲ್ 5.8.1ರಲ್ಲಿ ಗೂಡುಗಳ ಲೆಕ್ಕಕ್ಕೆ ಯಾದೃಚ್ಛಿಕ ಬೀಜವನ್ನು ಬೆರೆಸುವ ವ್ಯವಸ್ಥೆ ಬಂತು; 2013ರ ಪರ್ಲ್ 5.18ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. 1979ರ ಉಪ್ಪು ಮತ್ತೆ ಬೇರೆ ರೂಪದಲ್ಲಿ ಬಂತು ಎನ್ನಬಹುದು.

ಯಾದೃಚ್ಛಿಕತೆಯೂ ಎಲ್ಲ ಒಂದೇ ಅಲ್ಲ. ಪರ್ಲ್‌ನ ಸಾಮಾನ್ಯ ರ‍್ಯಾಂಡ್ ಫಲನ ಭೌತಶಾಸ್ತ್ರದ ಸಣ್ಣ ಅನುಕರಣ ಪ್ರಯೋಗಗಳಿಗೆ ಸಾಕು, ಗುಪ್ತ ಕೀಲಿಗಳಿಗೆ ಸಾಲದು. ಕೆಲವು ಫಲಿತಾಂಶಗಳನ್ನು ಕಂಡವನು ಮುಂದಿನದನ್ನು ಊಹಿಸಬಲ್ಲ. ಇಂಥ ದುರ್ಬಲ ಸಂಖ್ಯೆಯನ್ನೂ ಗಡಿಯಾರದ ಸಮಯವನ್ನೂ ಸೇರಿಸಿ ಹ್ಯಾಶ್ ಮಾಡಿ ಅದನ್ನೇ ಗುಪ್ತ ಚೀಟಿಯೆಂದು ಕೊಡುತ್ತಿದ್ದ ಹಲವು ಪರ್ಲ್ ಮಾಡ್ಯೂಲುಗಳ ದೋಷಗಳು 2025ರಲ್ಲಿ ಪ್ರಕಟವಾದವು. ಊಹಿಸಬಹುದಾದ ವಸ್ತುವಿಗೆ ಹ್ಯಾಶ್ ಹಾಕಿದರೆ ಅದು ಊಹೆಗೆ ನಿಲುಕದ್ದಾಗುವುದಿಲ್ಲ.

ಕೊನೆಯ ಮಾತು

ಸಿಪ್ಯಾನ್ ಉಗ್ರಾಣದಲ್ಲಿ ಪ್ರತಿ ಲೇಖಕರ ಕಡತಗಳ ಜತೆಗೂ ಅವುಗಳ ಹ್ಯಾಶ್ ಮುದ್ರೆಗಳ ಪಟ್ಟಿ ಇರುತ್ತದೆ, ಆ ಪಟ್ಟಿಗೆ ಉಗ್ರಾಣದ ಸಹಿ ಇರುತ್ತದೆ. ಮುದ್ರೆಯ ತಂತ್ರವನ್ನು ಹಂಚುವ ಉಗ್ರಾಣ ತನ್ನನ್ನೂ ಮುದ್ರೆಯಿಂದಲೇ ಕಾಯ್ದುಕೊಳ್ಳುತ್ತದೆ. ತಾಮ್ರದ ಬಳೆಯ ಮೇಲಿನ ವರಾಹ ಪ್ರತಿಯಾಗುವಾಗ ಕಳೆದುಹೋಯಿತು. ಅಂಕೀಯ ಮುದ್ರೆ ಎಷ್ಟು ಪ್ರತಿ ಮಾಡಿದರೂ ಜತೆಯಲ್ಲೇ ಬರುತ್ತದೆ. ಆದರೆ ವರಾಹಕ್ಕೆ ಇರದ ಒಂದು ದೌರ್ಬಲ್ಯ ಇದಕ್ಕಿದೆ: ಗಣಿತ ಮುಂದುವರಿದಂತೆ ಇದು ಹಳತಾಗುತ್ತದೆ. ಹದಿನೈದಿಪ್ಪತ್ತು ವರ್ಷಗಳಿಗೊಮ್ಮೆ ಹಳೆಯ ದಾಖಲೆಗಳಿಗೆ ಹೊಸ ಮುದ್ರೆ ಹಾಕುವ ಜವಾಬ್ದಾರಿಯನ್ನು ಯಾರಾದರೂ ಹೊರಲೇಬೇಕು.

ಶಿಕ್ಷಕ ಮಿತ್ರರಲ್ಲಿ ಒಂದು ಕೋರಿಕೆ. ಮೇಲಿನ 97ರ ಲೆಕ್ಕವನ್ನು ತರಗತಿಯಲ್ಲಿ ಮಾಡಿಸಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ತನಗೆ ಬೇಕಾದ ಸರ್ವೆ ನಂಬರು, ಎಕರೆ, ಗುಂಟೆ ಬರೆದು ಮುದ್ರೆಯನ್ನು ಕಂಡುಹಿಡಿಯಲಿ. ಗುಂಟೆ 40ಕ್ಕಿಂತ ಕಡಿಮೆ ಇರಬೇಕು ಎಂಬುದನ್ನು ಮರೆಯದಿರಲಿ. ಮೂವತ್ತು ಮಕ್ಕಳಿದ್ದರೆ ಡಿಕ್ಕಿ ಬಹುತೇಕ ಖಚಿತ. ಆಮೇಲೆ ಕೇಳಿ: 97ರ ಬದಲು ಎಷ್ಟು ದೊಡ್ಡ ಸಂಖ್ಯೆಯಿಂದ ಭಾಗಿಸಿದರೆ ನಿಮ್ಮ ಹೊಲವನ್ನು ಆ ಮುದ್ರೆಯ ಭರವಸೆಯ ಮೇಲೆ ಬಿಡುತ್ತೀರಿ? ಸಂಖ್ಯೆ ದೊಡ್ಡದಾದರೆ ಸಾಲದು, ಒಳಗಿನ ಗುಣಾಕಾರ ಕೂಡಾಟವನ್ನೇ ಹಿಂದಕ್ಕೆ ಬಿಡಿಸಬಹುದು ಎಂದು ಯಾರಾದರೂ ಒಬ್ಬರು ಹೇಳಿದರೆ ಆ ಮಗುವಿಗೆ ಗೂಢಲಿಪಿ ಶಾಸ್ತ್ರದ ಬಾಗಿಲು ತೆರೆದಿದೆ ಎಂದೇ ತಿಳಿಯಿರಿ.